ಬಿಚ್ಚಿಟ್ಟ ಐದನೆಯ ಇಡ್ಲಿ

ನನ್ನ ಮೇಜಿನ ಮೇಲೆ ಒಂದು ಇಡ್ಲಿ ಇದೆ. ಹಳಸುವುದಿಲ್ಲ, ಇರುವೆ ಮುತ್ತುವುದಿಲ್ಲ. ಮಧುಗಿರಿಯ ನೋಂದಣಿ ಕಚೇರಿಯ ಎದುರಿಗೆ ಪತ್ರ ಬರೆಯುವವರ ಮಳಿಗೆಗಳ ಸಾಲು ಇದೆಯಲ್ಲ, ಅದರಲ್ಲೊಂದು ನನ್ನದು. ಬೆಟ್ಟದ ಬಂಡೆ ಬೆಳಿಗ್ಗೆ ಹತ್ತಕ್ಕೇ ಕಾಯಲು ಶುರುವಾದರೆ ಸಂಜೆ ಐದಾದರೂ ಅದರ ಝಳ ಇಳಿಯುವುದಿಲ್ಲ. ಫ್ಯಾನು ಹಾಕದಿದ್ದರೆ ನಾನು ಉಳಿಯುವುದಿಲ್ಲ, ಹಾಕಿದರೆ ಕಾಗದ ನಿಲ್ಲುವುದಿಲ್ಲ. ಯಾರದೋ ದಾನಪತ್ರದ ಮೂರನೆಯ ಹಾಳೆ ಇನ್ಯಾರದೋ ವಿಭಾಗಪತ್ರದೊಳಗೆ ಹೊಕ್ಕು ಅಣ್ಣತಮ್ಮಂದಿರು ಕೈಕೈ ಮಿಲಾಯಿಸುವುದು ಬೇಡವೆಂದು ಕಾಗದದ ಕಟ್ಟಿನ ಮೇಲೆ ಈ ಇಡ್ಲಿಯನ್ನು ಹೇರಿರುತ್ತೇನೆ.

ಬಂದವರ ಕೈ ಸುಮ್ಮನಿರುವುದಿಲ್ಲ. ಎತ್ತಲು ಹೋಗುತ್ತಾರೆ, ಮಣಿಕಟ್ಟು ಜೋಲುತ್ತದೆ. "ಅಯ್ಯೋ, ಏನಕ್ಕ ಇದು ಈ ಪಾಟಿ ತೂಕ!" ಅನ್ನುತ್ತಾರೆ. ಸೀಸದ್ದು, ಅರ್ಧ ಕಿಲೋಗಿಂತ ಒಂದು ಚಿಟಿಕೆ ಹೆಚ್ಚೇ ಇದೆ, ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಇಳಿಯುವುದಕ್ಕೆ ಎಂದು ನಾನು ಸತ್ಯವನ್ನೇ ಹೇಳುತ್ತೇನೆ. ಒಂದು ಸಲ ಹಕ್ಕು ಬಿಡುಗಡೆ ಪತ್ರಕ್ಕೆ ಬಂದಿದ್ದ ಅಜ್ಜಿಯೊಬ್ಬಳು ಇದನ್ನು ಕೇಳಿ ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಯಾಕವ್ವ, ಮನೇಲೇನಾರ ತೊಂದ್ರೆನಾ? ನಿನ್ ಗಂಡ ನೋಡಿದ್ರೆ ಒಳ್ಳೆಯವನ್ ತರ ಕಾಣ್ತಾನೆ" ಎಂದು ಮೆಲ್ಲಗೆ ಕೇಳಿದಳು. ಮುಳುಗಿ ಮತ್ತೆ ಮೇಲೆ ಬರುವುದಕ್ಕೆ ಅಜ್ಜಿ ಇದು ಎಂದು ನಂಬಿಸಲು ಅವಳ ಪತ್ರ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನನಗೆ ನಲವತ್ತೊಂಬತ್ತು. ಹೆಸರು ಗಿರಿಜಾ. ಒಂದೇ ಉಸಿರಿನಲ್ಲಿ ಆಳಕ್ಕಿಳಿದು ಮರಳುವ ಈಜನ್ನು ಈಗೊಂದು ವರ್ಷದಿಂದ ಕಲಿಯುತ್ತಿದ್ದೇನೆ. ಬೆನ್ನಿಗೆ ಗಾಳಿಯ ಸಿಲಿಂಡರು ಇಲ್ಲ, ಏನಿದ್ದರೂ ಎದೆಯಲ್ಲಿ ತುಂಬಿಕೊಂಡಷ್ಟೇ. ಮುಳುಗುವುದಕ್ಕೆ ಸೀಸ ಬೇಕೆಂದರೆ ನಮ್ಮ ಸಾಲಿನ ಸಹೋದ್ಯೋಗಿಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಗುತ್ತಾರೆ. ಅವರಿಗೆ ಗೊತ್ತಿಲ್ಲ, ನನ್ನ ಮೈಮೇಲೆ ಇರುವುದೆಲ್ಲ ತೇಲುವ ಸರಕು. ಮುಳುಗುವುದು ನನ್ನಂಥವಳಿಗೆ ಅಷ್ಟು ಸಲೀಸಲ್ಲ. ಹಾಗಾದರೆ ಎಷ್ಟು ಸೀಸ ಕಟ್ಟಬೇಕು? ಕೇಳಲು ಸಣ್ಣ ಪ್ರಶ್ನೆ. ಅದಕ್ಕೆ ಸರಿಯುತ್ತರ ಸಿಗಲು ನನಗೆ ಮೂವತ್ತೇಳು ವರ್ಷ ಬೇಕಾಯಿತು.

ಮೊದಲು ಬೆಂಡಿನ ಕತೆ ಹೇಳಬೇಕು. ನಮ್ಮ ಕಡೆ ಈಜು ಕಲಿತವರು ಯಾರೂ ನೀರನ್ನು ಮಾತ್ರ ನಂಬಿ ಕಲಿತವರಲ್ಲ. ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ಅದರ ಬೊಂಬನ್ನು ಮೊಳದುದ್ದ ಕತ್ತರಿಸಿ, ನಾಲ್ಕೈದು ತುಂಡುಗಳನ್ನು ಹಗ್ಗದಲ್ಲಿ ಬಿಗಿದು ಬೆನ್ನಿಗೆ ಕಟ್ಟುತ್ತಾರೆ. ಅದೇ ಬೆಂಡು. ಬೇಸಿಗೆ ರಜೆಗೆ ಪುರವರದ ಹತ್ತಿರದ ಅಜ್ಜನ ಮನೆಗೆ ಹೋದರೆ ನಮಗೆಲ್ಲ ಬೆಂಡು ಕಟ್ಟುತ್ತಿದ್ದವನು ರುದ್ರಪ್ಪ ಮಾವ, ನನ್ನ ಅವ್ವನ ತಮ್ಮ. ಹೊಲದ ಬಾವಿ ಅವನ ಶಾಲೆ. ಕಪಿಲೆ ಹೊಡೆಯುವುದು ನಿಂತು ಕಾಲವಾಗಿದ್ದರೂ ಎತ್ತುಗಳು ನೀರೆಳೆಯುತ್ತಿದ್ದ ಕಾಲದ ಜೋಡಿ ಕಪಿಲೆ ಕಲ್ಲುಗಳು ದಡದಲ್ಲಿ ಹಾಗೇ ನಿಂತಿದ್ದವು.

ಮಾವ ಬಾಯಲ್ಲಿ ಏನೂ ಕಲಿಸುತ್ತಿರಲಿಲ್ಲ. ಬೆಂಡು ಕಟ್ಟುವುದು, ನೀರಿಗೆ ತಳ್ಳುವುದು, ಕಪಿಲೆ ಕಲ್ಲಿಗೆ ಒರಗಿ ಬೀಡಿ ಹಚ್ಚುವುದು, ಅಷ್ಟೆ. ಎಂಟು ದಿನ ಕಳೆಯುವಷ್ಟರಲ್ಲಿ ನಾನು ಮೀನಿನ ಮೊಮ್ಮಗಳಂತೆ ಬೀಗುತ್ತಿದ್ದೆ. ಒಂಬತ್ತನೆಯ ದಿನ ನೀರಿನಿಂದೆದ್ದು ಬೆನ್ನಿನ ಹಗ್ಗ ಬಿಚ್ಚಿದರೆ ಅದರಲ್ಲಿ ನನ್ನ ಹೆಬ್ಬೆರಳಿನಷ್ಟು ಬೆಂಡಿತ್ತು. ಮಾವ ದಿನಾ ನನಗೆ ಗೊತ್ತಾಗದ ಹಾಗೆ ಕುಡುಗೋಲಿನಲ್ಲಿ ಒಂದೊಂದು ಸೀಳು ಕೆತ್ತಿ ಎಸೆಯುತ್ತಿದ್ದನಂತೆ. "ಮೂರು ದಿನದಿಂದ ಹಗ್ಗ ಕಟ್ಕೊಂಡು ಈಜ್ತಾ ಇದೀಯ ಕಣೇ ಗಿರ್ಜಿ, ಬೆಂಡೆಲ್ಲೈತೆ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಇಂಥ ಮೋಸ ಮಾಡುವ ಮಾವ ಊರಲ್ಲಿ ಯಾರಿಗೂ ಇಲ್ಲವೆಂದು ಹೆಮ್ಮೆಪಟ್ಟೆ. ಈ ಮಾತು ನಿಮ್ಮ ನೆನಪಿನಲ್ಲಿರಲಿ.

ಈಜು ಬಂದರೆ ಮುಗಿಯಲಿಲ್ಲ. ಆ ಬಾವಿಗೆ ಒಂದು ಪದ್ಧತಿಯಿತ್ತು. ಬೇಸಿಗೆಯಲ್ಲೂ ಆರೇಳು ಆಳುದ್ದ ನೀರು ನಿಲ್ಲುತ್ತಿದ್ದ ಅದರ ತಳಕ್ಕೆ ಹೋಗಿ ಒಂದು ಹಿಡಿ ಮಣ್ಣು ತರಬೇಕು. ತಂದ ಮಣ್ಣನ್ನು ಕಪಿಲೆ ಕಲ್ಲಿಗೆ ಬಡಿದು ಬೊಟ್ಟಿಡಬೇಕು. ಹಾಗೆ ಬೊಟ್ಟಿಟ್ಟವರಿಗೆ ಮೇಲಿನ ಮೆಟ್ಟಿಲು, ಕಡಲೆಕಾಯಿ ಬೆಲ್ಲದಲ್ಲಿ ಮೊದಲ ಪಾಲು. ಇಡದವರು ಎಷ್ಟು ಚೆನ್ನಾಗಿ ಈಜಿದರೂ ಕಪ್ಪೆಗಳು. ತಳಕ್ಕೆ ಹೋಗಲು ಒಂದು ಸಾಧನವಿತ್ತು. ಗುಂಡುಕಲ್ಲೊಂದನ್ನು ಗೋಣಿತಾಟಿನಲ್ಲಿ ಸುತ್ತಿ ಹಗ್ಗ ಕಟ್ಟಿದ ಮೂಟೆ. ಅದನ್ನು ಎದೆಗವಚಿಕೊಂಡು ಹಾರಿದರೆ ಕಲ್ಲು ಸೀದಾ ಕೆಳಗೆಳೆಯುತ್ತಿತ್ತು. ತಳದಲ್ಲಿ ಅದನ್ನು ಬಿಟ್ಟು, ಮಣ್ಣು ಬಾಚಿಕೊಂಡು ಮೇಲೆ ಬಂದುಬಿಡುವುದು. ಮಾವ ಹಗ್ಗದಿಂದ ಮೂಟೆಯನ್ನು ಎಳೆದು ಮುಂದಿನವನಿಗೆ ಕೊಡುತ್ತಿದ್ದ.

ಮುಂದಿನವನಿಗೆ ಎಂದೆ ನೋಡಿ. ಅದು ಹುಡುಗರ ಆಟ. ಹನ್ನೆರಡನೆಯ ವಯಸ್ಸಿನ ಬೇಸಿಗೆಯಲ್ಲಿ ನಾನು ಹಠ ಹಿಡಿದೆ. ಎರಡು ಹೊತ್ತು ಉಣ್ಣಲಿಲ್ಲ. ಕೊನೆಗೆ ಮಾವ, "ಬಾ, ಅದೇನು ಕಿತ್ ಗುಡ್ಡೆ ಹಾಕ್ತೀಯೋ ಹಾಕು" ಎಂದ. ಕೊನೆಯ ಮೆಟ್ಟಿಲಲ್ಲಿ ಸೊಂಟದ ತನಕ ನೀರಲ್ಲಿ ನಿಂತೆ, ಮಾವ ಮೂಟೆಯನ್ನು ನೀರೊಳಗೇ ನನ್ನ ತೋಳಿಗೆ ಕೊಟ್ಟ. ಉಸಿರೆಳೆದು ಮುಳುಗಿದೆ. ಕಲ್ಲು ಎಳೆಯುತ್ತದೆ ಎಂದು ಕಾದೆ. ಎಳೆಯಲಿಲ್ಲ. ನಾನೇ ಕಾಲು ಬಡಿದು ಬಡಿದು ಅದನ್ನು ಹೊತ್ತುಕೊಂಡು ಇಳಿಯಬೇಕಾಯಿತು. ನೀರು ಹಸಿರಿನಿಂದ ಕಪ್ಪಿಗೆ ತಿರುಗಿತು, ಕಿವಿ ಇರಿಯಿತು, ಎದೆ ಹೊಡೆದುಕೊಂಡಿತು. ಮೂಟೆ ಬಿಟ್ಟು ಬರಿಗೈಯಲ್ಲಿ ಮೇಲೆ ಬಂದೆ.

ಹುಡುಗರು ಕಪ್ಪೆ, ಕಪ್ಪೆ ಎಂದು ಕೂಗಿದರು. ಅಜ್ಜ ದಡದಲ್ಲಿ ನಿಂತು, "ಹೆಣ್ಮಕ್ಕಳ ಉಸ್ರು ಗಿಡ್ಡ ಕಣಮ್ಮ, ಅದಕ್ಕೇನ್ ಮಾಡಕಾಯ್ತದೆ?" ಎಂದು ಸಮಾಧಾನದ ದನಿಯಲ್ಲೇ ತೀರ್ಪು ಕೊಟ್ಟ. ಮಾವ ಹಗ್ಗ ಎಳೆದು ಮೂಟೆಯನ್ನು ತಾನೇ ಎತ್ತಿಟ್ಟುಕೊಂಡ. ಮುಂದಿನ ಬೇಸಿಗೆಗೆ ನಾನು ದೊಡ್ಡವಳಾಗಿದ್ದೆ. ಬಾವಿಯ ಮೆಟ್ಟಿಲು ನನಗೆ ಮುಚ್ಚಿಹೋಯಿತು. ಗಂಡು ಹುಡುಗರೆಲ್ಲ ಹೋದ ತಳಕ್ಕೆ ಅದೇ ಕಲ್ಲು ಹಿಡಿದೂ ನಾನು ಹೋಗಲಾರದವಳು ಎಂಬುದೊಂದು ಮಾತು ನನ್ನೊಳಗೆ ಕೂತುಬಿಟ್ಟಿತು. ಮದುವೆಯಾಯಿತು, ಮಕ್ಕಳಾದವು, ಸಾವಿರಾರು ಪತ್ರ ಬರೆದೆ. ಅದು ಮಾತ್ರ ಏಳಲಿಲ್ಲ.

ಕಳೆದ ವರ್ಷ ಶಿರಾದಿಂದ ಒಬ್ಬಾಕೆ ದಾನಪತ್ರ ಬರೆಸಲು ಬಂದಳು. ಹೆಸರು ಶಬಾನಾ, ಶಾಲೆಯೊಂದರಲ್ಲಿ ವ್ಯಾಯಾಮದ ಟೀಚರು. ತಂದೆ ಅವಳಿಗೆ ನಮ್ಮ ತಾಲ್ಲೂಕಿನ ಹೊಲವೊಂದನ್ನು ಕೊಡುತ್ತಿದ್ದರು. ಪತ್ರದಲ್ಲಿ ಜಮೀನಿನ ನಾಲ್ಕೂ ದಿಕ್ಕಿನ ಎಲ್ಲೆಯನ್ನು, ಅಂದರೆ ಚಕ್ಕುಬಂದಿಯನ್ನು ಬರೆಯಬೇಕು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಾವಿ ಎಂದು ಹೇಳುತ್ತಿದ್ದವಳು, "ಆ ಬಾವೀಲೇ ನಾನು ಪ್ರಾಕ್ಟೀಸ್ ಮಾಡೋದು" ಎಂದಳು. ನನ್ನ ಕೈ ಕೀಲಿಮಣೆಯ ಮೇಲೆ ನಿಂತಿತು. ಏನು ಪ್ರಾಕ್ಟೀಸು ಎಂದೆ. ಹೇಳಿದಳು. ದಕ್ಷಿಣಕ್ಕೆ ಏನಿದೆ ಎಂದು ಕೇಳುವುದನ್ನೇ ಮರೆತು ಅರ್ಧ ಗಂಟೆ ನನ್ನ ಬೆಂಡಿನ ಕತೆ, ಮೂಟೆಯ ಕತೆ ಎಲ್ಲ ಬಿಚ್ಚಿಟ್ಟೆ. "ಅರೆ ಗಿರಿಜಕ್ಕ, ಹಾಗಾದ್ರೆ ಬಂದ್ಬಿಡಿ ನೀವೂನು. ವಯಸ್ಸು ಗಿಯಸ್ಸು ಏನಿಲ್ಲ ಇದಕ್ಕೆ" ಎಂದು ಶಬಾನಾ ಅಷ್ಟೇ ಸುಲಭವಾಗಿ ಹೇಳಿದಳು. ತಮಾಷೆಗೆ ಹೇಳಿದ್ದಳೋ ಏನೋ, ನಾನು ಮುಂದಿನ ಭಾನುವಾರವೇ ಹೋದೆ.

ನಮಗೆ ಕಲಿಸುವವರು ಅಂಜಿನಪ್ಪ ಸರ್. ಪಾವಗಡದವರು. ನೀರಿಗೆ ಹಾತೊರೆಯುವ ಆ ತಾಲ್ಲೂಕಿನಿಂದ ಎದ್ದು ನೌಕಾಪಡೆ ಸೇರಿ, ಇಪ್ಪತ್ತು ವರ್ಷ ಸಮುದ್ರದೊಳಗೆ ಕೆಲಸ ಮಾಡಿ ಬಂದವರು. ತುಮಕೂರಿನ ಈಜುಕೊಳದಲ್ಲಿ ವಾರಕ್ಕೊಮ್ಮೆ ಪಾಠ, ವರ್ಷಕ್ಕೆರಡು ಸಲ ಸಮುದ್ರಕ್ಕೆ ಕರೆದೊಯ್ಯುತ್ತಾರೆ. ಮೊದಲ ದಿನ ನೀರ ಮೇಲೆ ಮುಖ ಅಡಿಯಾಗಿ ಮಲಗಿಸಿ ಉಸಿರು ಹಿಡಿಯಿರಿ ಎಂದರು. ನಾನು ಹಿಡಿದೆ. ತಲೆ ಎತ್ತಿದಾಗ ಎರಡು ನಿಮಿಷ ಹತ್ತು ಸೆಕೆಂಡ್ ಆಗಿತ್ತು. ಶಬಾನಾ ಬಾಯಿ ಬಿಟ್ಟಳು. "ಅಕ್ಕಾ, ಮೊದ್ಲನೇ ದಿನ ಇಷ್ಟು ಯಾರೂ ಹಿಡಿಯಲ್ಲ" ಎಂದರು ಸರ್. ಕೊಳದ ಅಂಚು ಹಿಡಿದುಕೊಂಡು ನಾನು ಅಜ್ಜನನ್ನು ನೆನೆದೆ. ಉಸಿರು ಗಿಡ್ಡವಲ್ಲವಾದರೆ ಅಂದು ಏನು ತಪ್ಪಿತು? ಕಲ್ಲು ಸಾಲದೇ ಹೋಯಿತು ಎಂದುಕೊಂಡೆ. ನನಗೆ ಬೇರೆಯವರಿಗಿಂತ ಹೆಚ್ಚು ತೂಕ ಬೇಕು ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಈಜುಡುಪಿನ ವಿಚಾರ ಹೇಳದಿದ್ದರೆ ತಪ್ಪಾಗುತ್ತದೆ. ಕತ್ತಿನಿಂದ ಹಿಮ್ಮಡಿಯವರೆಗೆ ಮೈಗಂಟುವ ಕಪ್ಪು ರಬ್ಬರಿನ ಅಂಗಿ ಅದು. ಸೋಪಿನ ನೀರು ಹುಯ್ದುಕೊಂಡು ಒಳಗೆ ಜಾರಬೇಕು. ಅರ್ಧ ಜಾರಿ ಸಿಕ್ಕಿಹಾಕಿಕೊಂಡಾಗ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಮೊದಲ ಸಲ ಮನೆಯಲ್ಲಿ ಹಾಕಿ ನೋಡಿದಾಗ ಬಿಚ್ಚಲಾರದೆ ಗಂಡನನ್ನು ಕೂಗಿದೆ. ಅವರು ಬಂದು ನೋಡಿ, "ಎಮ್ಮೆ ಕರು ಹಾಕ್ಸೋವಾಗ ಹಿಂಗೇ ಎಳೀತಾರೆ, ಇರು" ಎಂದು ತೋಳು ಮಡಿಸಿದರು. ಆದರೆ ಆ ಅಂಗಿಯ ಗುಣ ತಿಳಿದ ಮೇಲೆ ನನಗೆ ಪ್ರೀತಿ ಬಂತು. ಅದರ ರಬ್ಬರಿನ ತುಂಬ ಕಣ್ಣಿಗೆ ಕಾಣದ ಗಾಳಿಯ ಗುಳ್ಳೆಗಳು. ಚಳಿ ತಡೆಯುತ್ತದೆ, ಜೊತೆಗೆ ತೇಲಿಸುತ್ತದೆ. ಮೈತುಂಬ ಬೆಂಡು ಕಟ್ಟಿಕೊಂಡ ಹಾಗೆ. ಬಾಲ್ಯದಲ್ಲಿ ಮಾವ ಕೆತ್ತಿ ಎಸೆದ ಬೆಂಡೆಲ್ಲ ನಲವತ್ತೊಂಬತ್ತಕ್ಕೆ ವಾಪಸು ಬಂದಿತ್ತು. ಆ ಬೆಂಡನ್ನು ಗೆಲ್ಲುವುದಕ್ಕೇ ಸೀಸ.

ಸೀಸದ ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ, ದೂರದ ಊರಿನಿಂದ ತರಿಸಬೇಕು. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಕೊರಟಗೆರೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಒಬ್ಬ ಸಾಬರಿದ್ದಾರೆ. ಟೈರು ಅಂಗಡಿಗಳಿಂದ ಹಳೆಯ ಸೀಸ ಒಟ್ಟು ಮಾಡಿ ಅವರ ಮುಂದೆ ಸುರಿದೆ. ಅರ್ಧರ್ಧ ಕಿಲೋದ ತುಂಡು ಬೇಕು, ಅಚ್ಚು ಇದೆಯಾ ಎಂದೆ. "ಅಚ್ಚು ನಮ್ಮತ್ರ ಎಲ್ಲೈತಮ್ಮ? ಇಡ್ಲಿ ತಟ್ಟೆ ಇದ್ರೆ ಕೊಡಿ, ಹುಯ್ಕೊಡ್ತೀನಿ" ಎಂದರು. ನಮ್ಮ ಮನೆಯ ಇಡ್ಲಿ ತಟ್ಟೆ ಅಂದಿಗೆ ಅಡುಗೆ ಮನೆಯಿಂದ ಶಾಶ್ವತವಾಗಿ ವರ್ಗವಾಯಿತು. ಬೆಲ್ಟು ತೂರುವಂತೆ ಮಧ್ಯೆ ಸೀಳು ಬಿಟ್ಟು ಹುಯ್ದುಕೊಟ್ಟ ಇಡ್ಲಿಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ, ಚೀಲವನ್ನು ಕಾಲಲ್ಲಿ ಸರಿಸಲು ಹೋದ ಕಂಡಕ್ಟರು ಬೆರಳು ಹಿಡಿದುಕೊಂಡು, "ಏನಮ್ಮ, ಮಧುಗಿರಿ ಬೆಟ್ಟನೇ ಕಿತ್ಕೊಂಡ್ ಬಂದಿದೀರಾ?" ಎಂದ. ಅಂದಿನಿಂದ ನಮ್ಮ ಗುಂಪಿನಲ್ಲಿ ತೂಕದ ಲೆಕ್ಕವೇ ಬದಲಾಯಿತು. ಕಿಲೋ ಯಾರೂ ಹೇಳುವುದಿಲ್ಲ. ಎಷ್ಟು ಇಡ್ಲಿ ಎಂದೇ ಕೇಳುತ್ತಾರೆ.

ಕಾರ್ತಿಕದ ಹೊತ್ತಿಗೆ ಮುರುಡೇಶ್ವರದ ಸಮುದ್ರಕ್ಕೆ ಹೋದೆವು. ಅಂಜಿನಪ್ಪ ಸರ್ ನನ್ನನ್ನು ನೀರಲ್ಲಿ ನೆಟ್ಟಗೆ ನಿಲ್ಲಿಸಿ, ಉಸಿರು ಬಿಡಿಸಿ, ತಲೆ ಎಷ್ಟು ಮುಳುಗುತ್ತದೆಂದು ನೋಡಿ, "ನಿಮಗೆ ಏಳು ಇಡ್ಲಿ ಅಕ್ಕಾ. ಅಂತೇ" ಎಂದರು. ಅಂತೇ ಎಂದರೆ ಅವರ ಭಾಷೆಯಲ್ಲಿ ಅಷ್ಟೇ, ಮುಂದೆ ಮಾತಿಲ್ಲ. ನನಗೆ ಬಾವಿಯ ಆ ಮೂಟೆ ನೆನಪಾಯಿತು. ಎಳೆಯದ ಕಲ್ಲು, ಹುಡುಗರ ಕೂಗು. ಎರಡನೆಯ ಸಲ ಬರಿಗೈಯಲ್ಲಿ ಮೇಲೆ ಬರಲಾರೆ ಎಂದು ಹಲ್ಲು ಕಚ್ಚಿ, ಅವರು ಆ ಕಡೆ ತಿರುಗಿದಾಗ ಬೆಲ್ಟಿಗೆ ಇನ್ನೂ ಮೂರು ಪೋಣಿಸಿದೆ.

ಇಳಿಯುವಾಗ ಸ್ವರ್ಗ. ನೇತುಬಿಟ್ಟ ಹಗ್ಗದ ಪಕ್ಕದಲ್ಲಿ ಕಾಲಾಡಿಸದೆಯೇ ಇಳಿದೆ. ಇದಲ್ಲವೇ ಗುಂಡುಕಲ್ಲು ಎಂದು ಒಳಗೊಳಗೇ ಹಿಗ್ಗಿದೆ. ಹತ್ತು ಮೀಟರಿನ ಗುರುತು ಮುಟ್ಟಿ ತಿರುಗಿದೆ ನೋಡಿ, ಆಗ ಗೊತ್ತಾಯಿತು. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಅಂಗಿಯ ಗುಳ್ಳೆಗಳು ಕುಗ್ಗುತ್ತವೆ, ಎದೆಯೊಳಗಿನ ಗಾಳಿಯೂ ಕುಗ್ಗುತ್ತದೆ. ಮೇಲೆ ತೇಲಿಸುತ್ತಿದ್ದದ್ದು ಕೆಳಗೆ ತೇಲಿಸುವುದಿಲ್ಲ, ಸೀಸ ಮಾತ್ರ ಅಷ್ಟೇ ತೂಗುತ್ತದೆ. ಕಾಲು ಬಡಿದೆ, ಮೇಲೇರಲಿಲ್ಲ. ಇನ್ನೂ ಬಡಿದೆ, ತೊಡೆ ಉರಿಯಿತು. ನಾನು ಹೆದರಿದೆ, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲೇ ಇಳಿದಿದ್ದ ಸರ್ ಒಂದೇ ಸಲಕ್ಕೆ ನನ್ನ ಬೆಲ್ಟಿನ ಬಕಲ್ ಎಳೆದರು. ಹತ್ತೂ ಇಡ್ಲಿ ಕತ್ತಲೆಗೆ ಜಾರಿಹೋದವು, ನಾನು ಮೇಲಕ್ಕೆ ಬಂದೆ.

ದೋಣಿಯಲ್ಲಿ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಕೆಳಗೆ ಹೋಗೋಕೆ ತೂಕ ಯಾರು ಬೇಕಾದ್ರೂ ಕಟ್ಕೋತಾರೆ ಅಕ್ಕಾ" ಎಂದರು. "ಮೇಲೆ ಬರೋದಕ್ಕೆ ಲೆಕ್ಕ ಹಾಕ್ಬೇಕು. ನೀರಲ್ಲಿ ನಿಮಗೆ ಜ್ಞಾನ ತಪ್ಪಿದ್ರೂ ಮೈ ತಾನೇ ತೇಲ್ಬೇಕು, ಅದು ಸರಿಯಾದ ತೂಕ. ಅನುಮಾನ ಬಂದ್ರೆ ಒಂದು ತೆಗೀರಿ. ಸೇರಿಸೋದಲ್ಲ." ನಿಮ್ಮೂರ ಬಾವಿಯಲ್ಲಿ ಶಬಾನಾ ಮೇಡಂ ಜೊತೆ ಕೂತು ತೂಕ ಸರಿ ಮಾಡಿಕೊಂಡು ಬನ್ನಿ, ಅಲ್ಲಿಯವರೆಗೆ ನಿಮಗೆ ಸಮುದ್ರವಿಲ್ಲ ಎಂದರು. ಸಿಹಿನೀರು ಉಪ್ಪುನೀರಿನಷ್ಟು ತೇಲಿಸುವುದಿಲ್ಲ, ಏಳಕ್ಕಿಂತ ಕಡಿಮೆಯೇ ಸಾಕಾಗುತ್ತದೆ, ಒಬ್ಬರೇ ಮಾತ್ರ ಇಳಿಯಕೂಡದು ಎಂದು ಷರತ್ತು ಹಾಕಿದರು. ಮನೆಯ ಎರಡನೆಯ ಇಡ್ಲಿ ತಟ್ಟೆಯೂ ಕೊರಟಗೆರೆಗೆ ಹೋಯಿತು. ಗಂಡ ಉಪ್ಪಿಟ್ಟಿಗೆ ಒಗ್ಗಿಕೊಂಡರು.

ನಮ್ಮೂರ ಬಾವಿ ಎಂದಾಗ ನನಗೆ ಹೊಳೆದದ್ದು ಬೇರೆ ಯಾವುದೂ ಅಲ್ಲ. ಎಷ್ಟೋ ವರ್ಷ ಒಣಗಿ ಬಾಯಿಬಿಟ್ಟಿದ್ದ ಅಜ್ಜನ ಹೊಲದ ಆ ಬಾವಿಗೆ, ಮಗ್ಗುಲ ಕೆರೆ ತುಂಬಿದ ಮೇಲೆ ಹಿಂದಿನಷ್ಟೇ ನೀರು ಬಂದಿತ್ತು. ಮಾವನ ಮಗ ಅದರ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸುವವನಿದ್ದ. ಮನೆಯಲ್ಲಿ ಓಡಾಡುವ ಮಕ್ಕಳಿದ್ದಾರೆ, ಅವನದೂ ಸರಿಯೇ. ಯುಗಾದಿಯವರೆಗೆ ತಡೆ ಎಂದು ಕೇಳಿಕೊಂಡೆ. ತೂಕ ಸರಿ ಮಾಡಿಕೊಳ್ಳುವುದು ನೆಪ. ತಳದ ಮಣ್ಣು ತರಬೇಕು. ಜಾಲರಿ ಬೀಳುವ ಮೊದಲು ತರಬೇಕು. ಇದೊಂದು ಆಗದಿದ್ದರೆ ಉಳಿದ ಆಯುಷ್ಯವೆಲ್ಲ ನಾನು ಕಪ್ಪೆಯೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಮಾಘದ ಒಂದು ಭಾನುವಾರ ಬೆಳಿಗ್ಗೆ ನಾನೂ ಶಬಾನಾಳೂ ಹೋದೆವು. ಮಾವನಿಗೆ ಈಗ ಎಪ್ಪತ್ತೆಂಟು. ಬೀಡಿ ಬಿಟ್ಟಿದ್ದಾನೆ, ಗತ್ತು ಬಿಟ್ಟಿಲ್ಲ. ಸೋಪಿನ ನೀರಲ್ಲಿ ಒದ್ದಾಡಿ ಅಂಗಿಯೊಳಗೆ ಸೇರಿಕೊಂಡು ಬಂದ ನನ್ನನ್ನು ನೋಡಿ, "ಮೈ ಕಾಣ್ತದೆ ಅಂತ ಅವತ್ತು ಈಜಬ್ಯಾಡ ಅಂದ್ರು. ಈಗ ಮೈಯೆಲ್ಲ ಮುಚ್ಚವ್ಳೆ, ಆದ್ರೂ ಏನೂ ಮುಚ್ಚಿಲ್ಲ ನೋಡು" ಎಂದು ನಕ್ಕ. ಕಪಿಲೆ ಕಲ್ಲಿಗೆ ಒರಗಿ, ಮಡಿಲಲ್ಲಿ ಹುರಿದ ಕಡಲೆಕಾಯಿ ಇಟ್ಟುಕೊಂಡು ಕುಳಿತ. ಅವನ ಜಾಗ ಬದಲಾಗಿರಲಿಲ್ಲ.

ಶಬಾನಾ ತಳದವರೆಗೆ ಹಗ್ಗ ಇಳಿಬಿಟ್ಟು ಅದನ್ನು ಹಿಡಿದು ನೀರಲ್ಲಿ ನಿಂತಳು. ಆರು ಇಡ್ಲಿಯಿಂದ ಶುರುಮಾಡಿದೆವು. ನೆಟ್ಟಗೆ ನಿಂತು, ಅಲ್ಲಾಡದೆ, ಉಸಿರು ಬಿಡಬೇಕು. ಬಿಟ್ಟ ಮೇಲೂ ಕಣ್ಣು ನೀರಿನ ಮೇಲಿರಬೇಕು. ಬಿಟ್ಟೆ, ನೆತ್ತಿಯೇ ಮುಳುಗಿತು. ಒಂದು ತೆಗೆದಳು. ಐದಕ್ಕೆ ನೀರು ಹಣೆಗೆ ಬಂತು.

"ಇನ್ನೊಂದು ತೆಗೀಬೇಕು ಗಿರಿಜಕ್ಕ."

"ಐದೇ ಇರ್ಲಿ ಬಿಡು. ಹಣೆ ಏನೋ ಕಾಣ್ತಾ ಇದೆಯಲ್ಲ."

"ಹಣೆಯಿಂದ ಉಸಿರಾಡ್ತೀರಾ ನೀವು? ಸರ್ ಏನಂದ್ರು? ಅನುಮಾನ ಬಂದ್ರೆ ತೆಗೀರಿ ಅಂದ್ರು. ಬಸ್, ತೆಗೀರಿ."

"ನಾಲ್ಕಕ್ಕೆ ತಳ ಸಿಗದೆ ಹೋದ್ರೆ?" ನನ್ನ ದನಿ ಏರಿತು. ಬಾವಿಯೊಳಗೆ ಏನು ಹೇಳಿದರೂ ಎರಡು ಸಲ ಕೇಳುತ್ತದೆ. "ನಿನಗೆ ಗೊತ್ತಿಲ್ಲ ಶಬಾನಾ. ಹುಡುಗರೆಲ್ಲ ಹೋದ ಕಲ್ಲು ಅದು. ಅದೇ ಕಲ್ಲು ಹಿಡ್ಕೊಂಡು ನಾನು ಅರ್ಧಕ್ಕೆ ಬಂದೆ. ನನಗೆ ಬೇರೆಯವರಿಗಿಂತ ಜಾಸ್ತಿ ಬೇಕು."

ದಡದ ಮೇಲೆ ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು.

"ಅದೇ ಕಲ್ಲಲ್ಲ ಕಣಮ್ಮ" ಎಂದ ಮಾವ.

ನಾನು ಮೇಲೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಕಡಲೆಕಾಯಿ ಸಿಪ್ಪೆ ನೋಡುತ್ತಿದ್ದ. "ಆವತ್ತು ಬೆಳಿಗ್ಗೆ ನಿಮ್ಮವ್ವ ನನ್ ಎರಡೂ ಕೈ ಹಿಡ್ಕಂಡ್ಲು. ಇವಳು ಹಠ ಬುಡಲ್ಲ, ನೀನೇ ಏನಾರ ಮಾಡು, ನಂಗಿರೋಳು ಇವಳೊಬ್ಬಳೇ ಅಂದ್ಲು. ಗುಂಡುಕಲ್ಲು ತೆಗ್ದುಬುಟ್ಟೆ. ಒಂದು ಇಟ್ಟಿಗೆ ಚೂರು ಇಟ್ಟು, ಸುತ್ತ ತೆಂಗಿನ ನಾರು ತುರುಕಿ ಗೋಣಿತಾಟು ಸುತ್ತಿದ್ದೆ. ಅದಕ್ಕೇ ನೀರೊಳಗೇ ಕೈಗ್ ಕೊಟ್ಟಿದ್ದು. ದಡದ್ ಮ್ಯಾಲೆ ಎತ್ತಿದ್ರೆ ಗೊತ್ತಾಗೋದು ನಿಂಗೆ."

ನಾನು ಮೆಟ್ಟಿಲಿಗೆ ಬಂದು ಕುಳಿತೆ. ಕೋಪ ಬಂತು. ಒಂದು ಇಟ್ಟಿಗೆ ಚೂರು ಹಿಡಿದು, ನಾನು ತಳಕ್ಕೆ ಹೋಗಲಾರದವಳು ಎಂದು ಮೂವತ್ತೇಳು ವರ್ಷ ನಂಬಿಕೊಂಡಿದ್ದೆನಲ್ಲ! ಆ ನಾರಿನ ಮೂಟೆಯನ್ನು ಅರ್ಧ ಬಾವಿಯವರೆಗೆ ಹೊತ್ತುಕೊಂಡು ಹೋದದ್ದೇ ಹುಡುಗರು ಯಾರೂ ಮಾಡದ ಕೆಲಸವಾಗಿತ್ತಲ್ಲ! ಸಮುದ್ರದಲ್ಲಿ ನಾನು ಜೀವ ಕಳೆದುಕೊಳ್ಳಲು ಹೊರಟಿದ್ದು ಇದೇ ಇಟ್ಟಿಗೆಯ ದೆಸೆಯಿಂದ.

"ಹಗುರದ್ದು ಕೊಟ್ಟೆ ಅಂತ ಅಲ್ಲ ಮಾವ. ಅವತ್ತೇ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನೀನು ಬುಡ್ತಿದ್ಯಾ? ಮಾರನೇ ದಿನವೇ ಗುಂಡುಕಲ್ಲು ಹೊತ್ಕಂಡು ಹಾರಿರೋಳು. ಆಮ್ಯಾಕೆ ಹೇಳಾನ ಅಂದ್ಕಂಡೆ. ನಿನ್ ಮದ್ವೆ ದಿನ ಹೇಳಾನ ಅಂದ್ಕಂಡೆ. ನಿಮ್ಮವ್ವ ಹೋದಾಗ ಹೇಳಾನ ಅಂದ್ಕಂಡೆ. ಹೆಂಗ್ ಹೇಳೋದು? ನಾಚ್ಕೆ ಆಗ್ತಿತ್ತು."

ಅವನು ಹೇಳಿದ್ದು ನಿಜ. ಮಾರನೇ ದಿನ ಹಾರಿಯೇ ಹಾರುತ್ತಿದ್ದೆ. ಗುರುವಿನ ಬೆನ್ನ ಹಿಂದೆ ಮೂರು ಇಡ್ಲಿ ಪೋಣಿಸಿಕೊಂಡವಳು ನಾನು. ಅವನು ನನಗೆ ಹೇಳದೆ ತೆಗೆದ, ನಾನು ಯಾರಿಗೂ ಹೇಳದೆ ಸೇರಿಸಿದೆ. ಅಂಜಿನಪ್ಪ ಸರ್ ಲೆಕ್ಕಕ್ಕೆ ಹಿಡಿದರೆ ಇಬ್ಬರಲ್ಲಿ ಕಡಿಮೆ ತಪ್ಪು ಮಾವನದೇ. ಅಷ್ಟೆಲ್ಲ ನ್ಯಾಯ ಹೊಳೆದರೂ ಕೋಪ ಒಮ್ಮೆಲೇ ಇಳಿಯಲಿಲ್ಲ. ಅವನನ್ನು ನೋಡದೆ ಎದ್ದು, ಬೆಲ್ಟು ಬಿಚ್ಚಿ, ಐದನೆಯ ಇಡ್ಲಿಯನ್ನು ಹೊರಗೆಳೆದು ಮೆಟ್ಟಿಲ ಮೇಲಿಟ್ಟೆ. ಈಗ ನನ್ನ ಮೇಜಿನ ಮೇಲೆ ಕಾಗದ ಕಾಯುತ್ತಿರುವುದು ಅದೇ. ಈ ಸಲದ ತೂಕ ಯಾರೂ ನನಗಾಗಿ ಆರಿಸಿದ್ದಲ್ಲ. ಅಜ್ಜನ ಮಾತಿಗೂ ಅಲ್ಲ, ಹುಡುಗರ ಕೂಗಿಗೂ ಅಲ್ಲ. ನನ್ನ ಮೈಗೆ, ಈ ನೀರಿಗೆ ಎಷ್ಟು ಬೇಕೋ ಅಷ್ಟು.

ನಾಲ್ಕಕ್ಕೆ ಉಸಿರು ಬಿಟ್ಟರೂ ಕಣ್ಣು ನೀರಿನ ಮೇಲೇ ನಿಂತಿತು. "ಹಾಂ, ಇದು" ಎಂದಳು ಶಬಾನಾ.

ಎರಡು ನಿಮಿಷ ಸುಮ್ಮನೆ ಮಲಗಿ ಉಸಿರಾಡಿದೆ. ಕೊನೆಯ ಉಸಿರು ತುಂಬಿಕೊಂಡು ತಲೆ ಕೆಳಗೆ ಮಾಡಿದೆ. ಮೊದಲ ಎರಡಾಳು ಕಾಲು ಬಡಿಯಬೇಕಾಯಿತು. ಅಂಗಿ ಒಪ್ಪಲಿಲ್ಲ, ಮೇಲೆಳೆಯಿತು. ಮೂಗು ಹಿಡಿದು ಕಿವಿ ಬಿಡಿಸಿಕೊಂಡೆ. ಹಸಿರು ದಾಟಿತು, ಕಪ್ಪು ಬಂತು, ಹನ್ನೆರಡು ವರ್ಷದವಳು ತಿರುಗಿದ ಜಾಗವೂ ಬಂತು. ಅಲ್ಲಿ ಕಾಲು ನಿಲ್ಲಿಸಿದೆ. ನೀರು ನನ್ನನ್ನು ಮೇಲೂ ತಳ್ಳಲಿಲ್ಲ, ಕೆಳಗೂ ಎಳೆಯಲಿಲ್ಲ. ಎಷ್ಟು ಸರಿಯಾಗಿತ್ತೆಂದರೆ ನನಗೆ ಅಳು ಬಂತು, ಅಲ್ಲಿ ಅಳುವ ಅನುಕೂಲ ಇಲ್ಲದ್ದರಿಂದ ಮುಂದುವರಿದೆ. ಇನ್ನೆರಡು ಸಲ ಕಾಲಾಡಿಸಿದ್ದಕ್ಕೆ ಕೈ ಮೊಣಕೈವರೆಗೆ ತಣ್ಣನೆಯ ಕೆಸರಿನಲ್ಲಿ ಹೂತುಹೋಯಿತು.

ಹಿಡಿದೆ. ತಿರುಗಿದೆ. ಕಾಲು ಬಡಿದರೆ ಮೈ ಏರಿತು, ಸಮುದ್ರದಲ್ಲಿ ಮಾಡಿದ ಹಾಗೆ ಹಠ ಮಾಡಲಿಲ್ಲ. ಶಬಾನಾ ಅರ್ಧ ದಾರಿಗೆ ಬಂದು ನನ್ನ ಕಣ್ಣಿಗೆ ಕಣ್ಣಿಟ್ಟುಕೊಂಡೇ ಜೊತೆಯಲ್ಲಿ ಏರಿದಳು. ಕೊನೆಯ ಎರಡಾಳು ಏನೂ ಮಾಡಬೇಕಾಗಲಿಲ್ಲ. ಅಂಗಿಯೇ ಎತ್ತಿಕೊಂಡು ಬಂದು ಬೆಳಕಿಗೆ ಬಿಟ್ಟಿತು.

ಮೆಟ್ಟಿಲು ಹತ್ತುವಾಗ ಮುಷ್ಟಿ ಬಿಚ್ಚಲಿಲ್ಲ. ಬೊಟ್ಟಿಡಬೇಕಾದ ಕಪಿಲೆ ಕಲ್ಲು ಎದುರಿಗೇ ಇತ್ತು. ನಾನು ಅದನ್ನು ಬಿಟ್ಟು ಮಾವನ ಮುಂದೆ ನಿಂತೆ. ಅವನು ಎದ್ದು ನಿಂತಿದ್ದ, ಮಡಿಲಿನ ಕಡಲೆಕಾಯಿ ಎಲ್ಲ ನೆಲದ ಮೇಲಿತ್ತು. ನಾನು ಒಳಗಿದ್ದಷ್ಟು ಹೊತ್ತು ಅವನೂ ಉಸಿರು ಹಿಡಿದಿದ್ದ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವನ ಅಂಗೈ ಬಿಡಿಸಿ ಆ ಕಪ್ಪು ಮಣ್ಣನ್ನು ಅದರಲ್ಲಿಟ್ಟೆ.

"ತೂಕ ನೋಡು ಮಾವ."

ಅವನು ಅಂಗೈಯನ್ನು ತಕ್ಕಡಿಯ ಹಾಗೆ ಎರಡು ಸಲ ಮೇಲೆ ಕೆಳಗೆ ಆಡಿಸಿದ. ಆಮೇಲೆ ಮಣ್ಣನ್ನು ಕಪಿಲೆ ಕಲ್ಲಿನ ನೆತ್ತಿಯ ಮೇಲೆ, ಬಿಸಿಲು ಬೀಳುವ ಕಡೆ, ಎರಡೂ ಕೈಯಲ್ಲಿ ಮೆಲ್ಲಗೆ ಇಳಿಸಿದ.

"ಒಣಗ್ಲಿ ಕಣಮ್ಮ" ಎಂದ. "ಹಸೀಲಿ ನೀರಿನ ತೂಕಾನೂ ಸೇರ್ಕಂಡಿರ್ತದೆ. ಈ ಸಲನಾದ್ರೂ ಸರ್ಯಾಗಿ ತೂಗಾನ."

ಅದು ಒಣಗುವ ತನಕ ನಾವು ಮೂವರೂ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದೆವು.